ಬಾಲ ಹಿಡಿದು ಅಡ್ವರ್ಬ್ ಕ್ಲಾಜ್ ಹುಡುಕಿದ ನನ್ನ ಅನುಭವ

ಹೋದ ಮಾರ್ಚ್‌ನಲ್ಲಿ ನನ್ನ ಟ್ಯೂಷನ್ ಹುಡುಗರಿಗೆ 40 ವಾಕ್ಯದ ಟೆಸ್ಟ್ ಕೊಟ್ಟೆ. ಅಡ್ವರ್ಬ್ ಕ್ಲಾಜ್, ಅಂದರೆ ಕೆಲಸ ಯಾವಾಗ, ಯಾಕೆ, ಏನಾದರೆ ಆಗುತ್ತದೆ ಅಂತ ಹೇಳುವ ಉಪವಾಕ್ಯ, ಎಲ್ಲಿದೆಯೋ ಅಲ್ಲಿ ಗೆರೆ ಎಳೆಯಬೇಕು, ಯಾವ ಬಗೆ ಅಂತ ಪಕ್ಕದಲ್ಲಿ ಬರೆಯಬೇಕು. 27 ಜನರ ಬ್ಯಾಚು. ಸರಾಸರಿ 31ರ ಹತ್ತಿರ ಬಂತು. ಮೂರು ವರ್ಷದ ಹಿಂದೆ ಹೆಚ್ಚುಕಮ್ಮಿ ಇದೇ ಟೆಸ್ಟ್‌ನಲ್ಲಿ ಸರಾಸರಿ 13 ದಾಟಿರಲಿಲ್ಲ. ಈ ನಡುವೆ ನಾನು ಇಂಗ್ಲಿಷ್ ವಾಕ್ಯವನ್ನು ಕನ್ನಡಕ್ಕೆ ತಿರುಗಿಸಿ, ಪದದ ಕೊನೆಗೆ ಅಂಟುವ ಬಾಲ ನೋಡಿ ಕ್ಲಾಜ್ ಗುರುತಿಸುವುದನ್ನು ಕಲಿಸತೊಡಗಿದೆ. ಅದನ್ನು ನೋಡಿ ನಕ್ಕವರು ಒಬ್ಬಿಬ್ಬರಲ್ಲ. 'ಇಂಗ್ಲಿಷ್ ಪಾಠದಲ್ಲಿ ಕನ್ನಡ ನುಗ್ಗಿಸಿದರೆ ಎರಡೂ ಕೆಡುತ್ತವೆ' ಅಂದವರೂ ಇದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಜಾಗ ದಾವಣಗೆರೆ, ನಿಟ್ಟುವಳ್ಳಿ ಕಡೆ ಒಂದು ಬಾಡಿಗೆ ರೂಮು. ಬರುವವರು ಹತ್ತನೇ ಕ್ಲಾಸಿನ ಕನ್ನಡ ಮಾಧ್ಯಮದ ಮಕ್ಕಳು, ಜೊತೆಗೆ ಟಿಇಟಿಗೆ (ಶಿಕ್ಷಕರ ಅರ್ಹತಾ ಪರೀಕ್ಷೆ) ಓದುವ ಡಿಎಡ್, ಬಿಎಡ್‌ನವರು. ಆನಗೋಡು, ಮಾಯಕೊಂಡ, ಜಗಳೂರಿನಿಂದ ಬಸ್ಸು ಹಿಡಿದು ಬರುತ್ತಾರೆ. ಫೀಸು ತಿಂಗಳಿಗೆ 500, ರೂಮಿನ ಬಾಡಿಗೆ ಆಗ 4,000. ಹುಡುಗರು ಹತ್ತಕ್ಕಿಂತ ಕಮ್ಮಿಯಾದರೆ ನನ್ನ ಕೈಗೆ ಏನೂ ಉಳಿಯುವುದಿಲ್ಲ.

ಮೊದಲ ವರ್ಷ ಎಲ್ಲರೂ ಮಾಡುವುದನ್ನೇ ಮಾಡಿದೆ, ಕಂಜಂಕ್ಷನ್ (ವಾಕ್ಯ ಜೋಡಿಸುವ ಪದ) ಪಟ್ಟಿ ಬಾಯಿಪಾಠ. ವೆನ್, ವೈಲ್, ಸಿನ್ಸ್, ಬಿಕಾಸ್, ಇಫ್, ಅನ್‌ಲೆಸ್, ದೋ. ಎಂಟಡಿಯ ಫ್ಲೆಕ್ಸ್ ಹೊಡೆಸಿ ಗೋಡೆಗೆ ಹಾಕಿದೆ, 900 ರೂಪಾಯಿ. ಹುಡುಗರು ಗಿಳಿಪಾಠ ಒಪ್ಪಿಸಿದರು. ಟೆಸ್ಟ್‌ನಲ್ಲಿ 'ಐ ಡೋಂಟ್ ನೋ ವೆನ್ ಹಿ ವಿಲ್ ಕಮ್' ಅಂತ ಕೊಟ್ಟರೆ ಎಲ್ಲರೂ ವೆನ್‌ನಿಂದ ಗೆರೆ ಎಳೆದು ಅಡ್ವರ್ಬ್ ಕ್ಲಾಜ್ ಅಂದರು. ಅದು ನೌನ್ ಕ್ಲಾಜ್, 'ಏನು ಗೊತ್ತಿಲ್ಲ' ಅನ್ನುವುದಕ್ಕೆ ಉತ್ತರ. 'ದಿ ಡೇ ವೆನ್ ಹಿ ಕೇಮ್' ಕೊಟ್ಟರೆ ಅದಕ್ಕೂ ಅಡ್ವರ್ಬ್ ಅಂದರು. ಅದು ಅಡ್ಜೆಕ್ಟಿವ್ ಕ್ಲಾಜ್, ಯಾವ ದಿನ ಅಂತ ಹೇಳುತ್ತದೆ. ವೆನ್ ಅನ್ನುವ ಒಂದೇ ಪದ ಮೂರು ಮನೆಯಲ್ಲಿ ಸಂಸಾರ ಮಾಡುತ್ತದೆ. ನನ್ನ ಫ್ಲೆಕ್ಸಿನಲ್ಲಿ ಅದಕ್ಕೆ ಒಂದೇ ವಿಳಾಸ ಇತ್ತು.

ಎರಡನೇ ವರ್ಷ ಪ್ರಶ್ನೆ ಕೇಳುವ ವಿಧಾನ. ಯಾವಾಗ, ಎಲ್ಲಿ, ಯಾಕೆ ಅಂತ ವರ್ಬ್‌ಗೆ ಕೇಳಿ, ಉತ್ತರ ಬಂದರೆ ಅಡ್ವರ್ಬ್. ಇದಕ್ಕೊಂದು ಪುಸ್ತಕವನ್ನೇ ಮಾಡಿಸಿದೆ. 300 ಪ್ರತಿ, ಒಂದಕ್ಕೆ 28 ರೂಪಾಯಿ ಬಿತ್ತು, 40ಕ್ಕೆ ಮಾರಿದೆ. ಹೋಗಿದ್ದು 90. ಉಳಿದದ್ದನ್ನು ರದ್ದಿಗೆ ಹಾಕಿದಾಗ 260 ರೂಪಾಯಿ ಚಿಲ್ಲರೆ ಸಿಕ್ಕಿತು. ಅದೇ ಹುಮ್ಮಸ್ಸಿನಲ್ಲಿ ಸೆಕೆಂಡ್ ಹ್ಯಾಂಡ್ ಪ್ರೊಜೆಕ್ಟರ್ 11,000ಕ್ಕೆ ತಂದಿದ್ದೆ, 6,500ಕ್ಕೆ ಮಾರಿಬಿಟ್ಟೆ. ಫ್ಲೆಕ್ಸಿನದೂ ಸೇರಿ ಹತ್ತು ಸಾವಿರದಷ್ಟು ಕೈ ಬಿಟ್ಟಿತು. 34 ಜನರಿದ್ದ ಬ್ಯಾಚು 11ಕ್ಕೆ ಇಳಿದ ಲೆಕ್ಕ ಬೇರೆ. ಮನೆಯಲ್ಲಿ ಮಾತು ಬಂತು. ಅದು ಇಲ್ಲಿ ಬೇಡ.

ದಾರಿ ಸಿಕ್ಕಿದ್ದು ಒಂದು ಸಂಜೆ ಮಂಡಕ್ಕಿ ಅಂಗಡಿಯಲ್ಲಿ. ಮೋಡ ಕವಿದಿತ್ತು. ಅಂಗಡಿಯವನು ಯಾರಿಗೋ ಹೇಳುತ್ತಿದ್ದ, 'ಮಳೆ ಬಂದ್ರೆ ಮಂಡಕ್ಕಿ ಮೆತ್ತಗಾಗುತ್ತೆ. ಮೆತ್ತಗಾದ್ರೂ ತಿಂತಾರೆ ಬಿಡಿ. ನಿಂತ ಮೇಲೆ ಮೆಣಸಿನಕಾಯಿ ಹಾಕ್ತೀನಿ, ಬಿಸಿ ಇದ್ದಾಗ್ಲೇ ಒಯ್ಯಿರಿ.' ಕಂಡೀಷನ್ (ಹೀಗಾದರೆ), ಕನ್ಸೆಷನ್ (ಹೀಗಾದರೂ), ಟೈಮು, ಮತ್ತೊಂದು ಟೈಮು. ಒಂದೇ ಉಸಿರಿಗೆ ನಾಲ್ಕು. ನನ್ನ ಹುಡುಗರೂ ಮನೆಯಲ್ಲಿ ಹೀಗೇ ಮಾತಾಡುತ್ತಾರೆ, ಅಲ್ವಾ? ರೆ, ರೂ, ಆಗ, ಮೇಲೆ. ಇಂಗ್ಲಿಷ್‌ನಲ್ಲಿ ಗುರುತು ತಲೆಯಲ್ಲಿರುತ್ತದೆ, ನಮ್ಮಲ್ಲಿ ಬಾಲದಲ್ಲಿ. ನಾನು ಎರಡು ವರ್ಷ ತಲೆ ಹಿಡಿದು ಎಳೆಯುತ್ತಿದ್ದೆ.

ಮಾರನೇ ದಿನವೇ ಶುರು ಮಾಡಿದೆ. ವಾಕ್ಯವನ್ನು ಮನೆಮಾತಿಗೆ ತಿರುಗಿಸು, ಬಾಲ ನೋಡು, ಅಷ್ಟೇ. ವೆನ್ ಇರುವ ಮೂರು ವಾಕ್ಯ ಬರೆದೆ. ಒಂದು 'ಯಾವಾಗ ಬರ್ತಾನೋ ಗೊತ್ತಿಲ್ಲ' ಆಯಿತು. ಇನ್ನೊಂದು 'ಬಂದ ದಿನ' ಆಯಿತು. ಮೂರನೇದು 'ಬಂದಾಗ ಹೋಗ್ತೀನಿ'. 'ಓ' ಅಥವಾ 'ಅಂತ' ಬಂದರೆ ನೌನ್. ಬಂದ ಅನ್ನುವುದು ಹೆಸರಿನ ಮುಂದೆ ಅಂಟಿಕೊಂಡರೆ ಅಡ್ಜೆಕ್ಟಿವ್. ಆಗ, ರೆ, ರೂ, ದ್ದರಿಂದ, ತನಕ ಬಂದರೆ ಅಡ್ವರ್ಬ್. ಇಫ್ ಕೂಡ ಹಾಗೇ ಒಡೆಯಿತು. 'ಬಂದ್ರೆ ಹೇಳು' ಅಡ್ವರ್ಬ್, 'ಬರ್ತಾನಾ ಅಂತ ಕೇಳು' ನೌನ್. ಸಿನ್ಸ್ ಇನ್ನೂ ಚೆನ್ನಾಗಿ ಒಡೆಯಿತು. ಬಂದಾಗಿನಿಂದ ಅಂದರೆ ಟೈಮು, ಬಂದದ್ದರಿಂದ ಅಂದರೆ ಕಾರಣ. ಇಂಗ್ಲಿಷ್ ಒಂದೇ ಚೀಲಕ್ಕೆ ತುಂಬಿದ್ದನ್ನು ಕನ್ನಡ ಬೇರೆ ಬೇರೆ ಡಬ್ಬಿಗೆ ಹಾಕಿಟ್ಟಿದೆ. 'ಟೆಲ್ ಮಿ ವೆನ್ ಹಿ ಕಮ್ಸ್' ಅನ್ನುವುದಕ್ಕೆ ಎರಡು ಅರ್ಥ ಇದೆ ಅಂತ ವಿವರಿಸಲು ಮೊದಲು ಅರ್ಧ ಗಂಟೆ ಬೇಕಿತ್ತು. ಈಗ 'ಬಂದಾಗ ಹೇಳು', 'ಯಾವಾಗ ಬರ್ತಾನೆ ಹೇಳು' ಅಂತ ಹುಡುಗರೇ ಹೇಳುತ್ತಾರೆ.

ಇಷ್ಟಕ್ಕೇ ಗೆದ್ದೆ ಅಂದುಕೊಂಡೆ. ಮುಂದಿನ ಟೆಸ್ಟ್‌ನಲ್ಲಿ ಸರಾಸರಿ 19. ಪೇಪರು ಹರಡಿಕೊಂಡು ರಾತ್ರಿ ಹನ್ನೊಂದರ ತನಕ ಕೂತೆ.

ಮೊದಲ ಹೊಡೆತ ಕೊಟ್ಟಿದ್ದು ಓಬವ್ವ. ದುರ್ಗದ ಕಥೆ ಎಲ್ಲರಿಗೂ ಗೊತ್ತು ಅಂತ 'ವೈಲ್ ಹರ್ ಹಸ್ಬೆಂಡ್ ವಾಸ್ ಈಟಿಂಗ್, ಓಬವ್ವ ವೆಂಟ್ ಟು ಫೆಚ್ ವಾಟರ್' ಅಂತ ಕೊಟ್ಟಿದ್ದೆ. 'ಗಂಡ ಊಟ ಮಾಡುವಾಗ ಓಬವ್ವ ನೀರು ತರಲು ಹೋದಳು.' ಹುಡುಗರು 'ಮಾಡುವಾಗ' ಹಿಡಿದರು, 'ತರಲು' ಕೂಡ ಹಿಡಿದರು. ಅವರ ತಪ್ಪಲ್ಲ. ನಮ್ಮಲ್ಲಿ ಎರಡೂ ಬಾಲವೇ. ಇಂಗ್ಲಿಷ್‌ನಲ್ಲಿ ಟು ಫೆಚ್ ವಾಟರ್ ಬರೀ ಫ್ರೇಜ್, ಕ್ಲಾಜ್ ಅಲ್ಲ. 'ಆಫ್ಟರ್ ಈಟಿಂಗ್' ಮತ್ತು 'ಆಫ್ಟರ್ ಹಿ ಏಟ್' ಎರಡಕ್ಕೂ ನಾವು 'ಊಟ ಆದ್ಮೇಲೆ' ಅಂದುಬಿಡುತ್ತೇವೆ. ಹಾಗಾಗಿ ಬಾಲಕ್ಕೆ ಮೊದಲು ಇನ್ನೊಂದು ಹೆಜ್ಜೆ ಸೇರಿಸಿದೆ. ಇಂಗ್ಲಿಷ್ ವಾಕ್ಯದಲ್ಲಿ ವಾಚ್ ಕಟ್ಟಿದ ವರ್ಬ್ ಎಷ್ಟಿವೆ ಎಣಿಸು. ಟೈಮು ತೋರಿಸುವ ವರ್ಬ್‌ಗೆ ನಾನಿಟ್ಟ ಹೆಸರು ಅದು. ವಾಸ್ ಈಟಿಂಗ್ ವಾಚ್ ಕಟ್ಟಿದೆ, ವೆಂಟ್ ಕಟ್ಟಿದೆ, ಟು ಫೆಚ್ ಬರಿಗೈ. ವಾಚ್ ಎರಡಿದ್ದರೆ ಮಾತ್ರ ಬಾಲ ಹುಡುಕು. ಈ ಒಂದು ಹೆಜ್ಜೆಗೇ ನಾಲ್ಕೈದು ಮಾರ್ಕ್ಸ್ ಏರಿತು.

ಎರಡನೇದು ದೋಸೆ. 'ದಿ ದೋಸೆ ವಾಸ್ ಸೋ ಹಾಟ್ ದಟ್ ಐ ಕುಡ್ ನಾಟ್ ಈಟ್ ಇಟ್.' ಬೆಣ್ಣೆ ದೋಸೆ ಊರಿನ ಮಕ್ಕಳು, ಖುಷಿಯಾಗಿ ತಿರುಗಿಸಿದರು, 'ದೋಸೆ ಎಷ್ಟು ಬಿಸಿ ಇತ್ತು ಅಂದ್ರೆ ತಿನ್ನೋಕೆ ಆಗ್ಲಿಲ್ಲ.' ಬಾಲ ಎಲ್ಲಿ? 'ಅಂದ್ರೆ' ಅನ್ನುವಲ್ಲಿ. ಅದಕ್ಕೇ ದೋಸೆ ಬಿಸಿ ಇದ್ದ ಭಾಗಕ್ಕೆ ಗೆರೆ ಎಳೆದರು. ಅದು ಮೇನ್ ಕ್ಲಾಜ್! ರಿಸಲ್ಟ್ ಕ್ಲಾಜಿನಲ್ಲಿ ಕನ್ನಡದ ಬಾಲ ತಪ್ಪು ಮನೆಗೆ ಅಂಟಿಕೊಳ್ಳುತ್ತದೆ. ಈಗ ಸುಮ್ನೆ ಒಂದೇ ಮಾತು ಹೇಳುತ್ತೇನೆ, 'ಎಷ್ಟು, ಅಂದ್ರೆ ಎರಡೂ ಬಂದರೆ ಉಲ್ಟಾ ಹಾಕು.' ವ್ಯಾಕರಣದ ಪಂಡಿತರು ಮುಖ ಸಿಂಡರಿಸಬಹುದು. ಹುಡುಗರು ತಪ್ಪುವುದಿಲ್ಲ.

ಮೂರನೇದು 'ಅಂತ'. ಅಂತ ಬಂದರೆ ನೌನ್ ಅಂದಿದ್ದೆನಲ್ಲ. 'ಪಾಸಾಗ್ಲಿ ಅಂತ ಓದಿದ' ಬಂದಾಗ ಅದನ್ನೂ ನೌನ್ ಅಂದರು. ಅದು ಸೋ ದಟ್, ಪರ್ಪಸ್, ಅಂದರೆ ಉದ್ದೇಶ. 'ಲಿ ಅಂತ' ಬಂದರೆ ಪರ್ಪಸ್ ಎಂದು ತಿದ್ದಿದೆ. ಮುಂದಿನ ವಾರ ಒಬ್ಬ 'ಪಾಸಾಗ್ಲಿ ಅಂತ ಆಸೆಪಟ್ಟ' ಅನ್ನುವ ವಾಕ್ಯ ಹಿಡಿದು ತಂದ. ಅದು ನೌನ್. ಇಲ್ಲಿ ಹಳೇ ಪುಸ್ತಕದ ಪ್ರಶ್ನೆಯೇ ಕೈಹಿಡಿಯಿತು. ಏನನ್ನು ಅಂತ ಕೇಳಬೇಕಾ, ಯಾಕೆ ಅಂತ ಕೇಳಬೇಕಾ? ಆ 260 ರೂಪಾಯಿ ರದ್ದಿ ಪೂರ್ತಿ ದಂಡ ಆಗಲಿಲ್ಲ ಅನ್ನಿ.

ಸಣ್ಣ ಪುಟ್ಟ ಏಟುಗಳು ಬೇಕಾದಷ್ಟು. 'ಆದರೆ' ಅನ್ನುವುದರಲ್ಲೂ ರೆ ಇದೆ ಅಂತ ಬಟ್ ಬಂದಲ್ಲೆಲ್ಲ ಕಂಡೀಷನ್ ಬರೆದವನೊಬ್ಬ. 'ಬಂದರು', 'ಬಂದರೂ' ನಡುವೆ ದೀರ್ಘ ಬಿಟ್ಟು ದೋ ಇಲ್ಲದ ಕಡೆ ಕನ್ಸೆಷನ್ ಕಂಡವಳೊಬ್ಬಳು. ಅವಳಿಗೆ ಇಂಗ್ಲಿಷಿಗಿಂತ ಮೊದಲು ಕನ್ನಡ ಕಾಗುಣಿತ ತಿದ್ದಿದೆ. ಇನ್ನೊಬ್ಬ ಮೊದಲ ದಿನವೇ ಕೇಳಿದ್ದ, 'ಸರ್, ಅಡ್ವರ್ಬ್ ಕ್ಲಾಸು ಎಷ್ಟು ಗಂಟೆಗೆ?' ಅಂದಿನಿಂದ ನಾನು ಒತ್ತಿ ಒತ್ತಿ ಕ್ಲಾಜ್ ಅನ್ನುತ್ತೇನೆ.

ಕಂಪ್ಯಾರಿಸನ್‌ಗೆ ಈ ವಿಧಾನ ನಡೆಯುವುದಿಲ್ಲ. 'ಹಿ ಈಸ್ ಟಾಲರ್ ದ್ಯಾನ್ ಐ ಆಮ್' ಅನ್ನುವುದು 'ನನಗಿಂತ ಎತ್ತರ' ಆಗಿ ವರ್ಬೇ ಮಾಯ. ಅಲ್ಲಿ ದ್ಯಾನ್ ನೋಡಿ ಗೆರೆ ಎಳೆ ಅಂತ ಬಿಟ್ಟಿದ್ದೇನೆ.

ನಡುವೆ ಒಂದು ಹುಚ್ಚು ಪ್ರಯೋಗ ಮಾಡಿದೆ. ಅಜ್ಜಿಯಿಂದ ಗಾದೆ ಕೇಳಿಕೊಂಡು ಬನ್ನಿ ಅಂದೆ. ಒಂದು ವಾರಕ್ಕೆ ನೂರರ ಹತ್ತಿರ ಬಂತು. ಅರ್ಧಕ್ಕರ್ಧ ನಮ್ಮ ಸರಕು! 'ಗಾಳಿ ಬಂದಾಗ ತೂರಿಕೋ' ಟೈಮು. 'ಕೂತು ಉಂಡರೆ ಕುಡಿಕೆ ಹೊನ್ನು ಸಾಲದು' ಕಂಡೀಷನ್. 'ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು' ಕನ್ಸೆಷನ್. ಇದನ್ನು ತಂದದ್ದು ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರ ಮನೆ ಹುಡುಗ, ಕ್ಲಾಸೆಲ್ಲ ನಕ್ಕಿತು. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಲ್ಲಿಗೆ ಸೇರುತ್ತದೆ ಅಂತ ಎರಡು ದಿನ ಜಗಳ. ಇವನ್ನೆಲ್ಲ ಇಂಗ್ಲಿಷಿಗೆ ತಿರುಗಿಸಲು ಹೋಗಿ ವಾರಪೂರ್ತಿ ಪಾಠ ಹಿಂದೆ ಬಿತ್ತು, ಇಬ್ಬರ ಅಪ್ಪಂದಿರು ಬಂದು 'ಗಾದೆ ಕಲಿಸೋಕೆ ಐನೂರಾ?' ಅಂತ ಕೇಳಿದರು. ಈಗ ಹತ್ತೇ ಗಾದೆ ಇಟ್ಟುಕೊಂಡಿದ್ದೇನೆ.

ಕನ್ನಡದಿಂದ ಇಂಗ್ಲಿಷಿಗೆ ತಿರುಗಿಸುವಾಗ ಇನ್ನೊಂದು ತೊಡಕು. 'ಭದ್ರಾ ನಾಲೆಗೆ ನೀರು ಬಿಟ್ಟಾಗ ಭತ್ತ ನಾಟಿ ಮಾಡ್ತೀವಿ' ಅನ್ನುವುದು ಮುಂದಿನ ಮಾತು. ಆದರೂ ಬಿಟ್ಟಾಗ ಅನ್ನುವುದು ಹಿಂದಿನ ಕಾಲದಂತೆ ಕಾಣುತ್ತದೆ. ಕೆಲವರು ರಿಲೀಸ್ಡ್ ಬರೆದರು, ಜಾಣರು ವಿಲ್ ರಿಲೀಸ್ ಬರೆದರು. ಇಂಗ್ಲಿಷಿಗೆ ಬೇಕಾದ್ದು ವೆನ್ ದೇ ರಿಲೀಸ್. ಬಾಲ ಬಗೆ ಹೇಳುತ್ತದೆ, ಕಾಲ ಹೇಳುವುದಿಲ್ಲ ಅಂತ ಬೋರ್ಡಿನ ಮೂಲೆಯಲ್ಲಿ ಬರೆದಿದ್ದೇನೆ, ಅಳಿಸುವುದಿಲ್ಲ.

ಇನ್ನು ನಕ್ಕವರ ಕಥೆ. ನನಗಿಂತ ಹಿರಿಯ ಇಂಗ್ಲಿಷ್ ಮೇಷ್ಟ್ರೊಬ್ಬರು ರೂಮಿಗೆ ಬಂದರು. ಪಟ್ಟಿ ಬಾಯಿಪಾಠದ ಕಟ್ಟಾ ಭಕ್ತರು. ಬೋರ್ಡಿನ ಮೇಲೆ ತಾವೇ ಬರೆದರು, 'ಹ್ಯಾಡ್ ಐ ನೋನ್, ಐ ವುಡ್ ಹ್ಯಾವ್ ಕಮ್.' ಕಂಜಂಕ್ಷನ್ನೇ ಇಲ್ಲ. ಇಫ್ ಇಲ್ಲ, ಏನೂ ಇಲ್ಲ. ಬೇಕೆಂದೇ ಹಾಕಿದ ಬಲೆ. ಜಗಳೂರಿನ ಹುಡುಗಿ ಎದ್ದು ನಿಂತು, 'ಗೊತ್ತಿದ್ದಿದ್ರೆ ಬರ್ತಿದ್ದೆ. ರೆ ಇದೆ ಸರ್. ಕಂಡೀಷನ್' ಅಂದಳು. ಐದು ಸೆಕೆಂಡೂ ಆಗಿರಲಿಲ್ಲ. ಮೇಷ್ಟ್ರು ಚಾಕ್‌ಪೀಸ್ ಇಟ್ಟು ಚಹಾ ಕುಡಿದು ಹೋದರು. ಒಪ್ಪಿಕೊಂಡೆ ಅಂತ ಇವತ್ತಿಗೂ ಹೇಳಿಲ್ಲ. ಆದರೆ ಅವರ ಅಣ್ಣನ ಮಗ ಈಗ ನನ್ನ ಬ್ಯಾಚಿನಲ್ಲಿದ್ದಾನೆ.

'ಆಸ್' ಅನ್ನುವ ಪದದ ಬಗ್ಗೆ ಬಹಳ ಜನ ಕೇಳುತ್ತಾರೆ. ಅದು ಟೈಮೂ ಆಗುತ್ತದೆ, ಕಾರಣವೂ ಆಗುತ್ತದೆ, ರೀತಿಯೂ ಆಗುತ್ತದೆ. ನಮ್ಮ 'ಹಾಗೆ' ಕೂಡ ಅಲ್ಲಿ ಕೈಕೊಡುತ್ತದೆ. 'ಬರ್ತಿದ್ದ ಹಾಗೆ' ಟೈಮು, 'ಹೇಳಿದ ಹಾಗೆ' ರೀತಿ. ಅದನ್ನು ಬಿಡಿಸಲು ಮೂರು ಬೆರಳಿನ ಒಂದು ಉಪಾಯ ಇದೆ. ನೌನ್ ಕ್ಲಾಜಿನ ದಟ್‌ಗೂ ಒಂದಿದೆ. ಎರಡನ್ನೂ ಇಲ್ಲಿ ಬರೆಯುವುದಿಲ್ಲ, ತಪ್ಪು ತಿಳಿಯಬೇಡಿ, ಬಾಡಿಗೆ ಈ ವರ್ಷ 4,500 ಆಗಿದೆ. ಜೂನ್ ಬ್ಯಾಚಿಗೆ 30 ಜನಕ್ಕಿಂತ ಜಾಸ್ತಿ ಸೇರಿಸಿಕೊಳ್ಳಲ್ಲ ಅಂತ ಮನೆಯಲ್ಲಿ ಹೇಳಿದ್ದೇನೆ. ಹಳೇ ಫ್ಲೆಕ್ಸ್ ಮಂಡಕ್ಕಿ ಅಂಗಡಿಯವನಿಗೆ ಕೊಟ್ಟೆ. ಮಳೆ ಬಂದಾಗ ಮಂಡಕ್ಕಿ ಚೀಲದ ಮೇಲೆ ಹೊದಿಸುತ್ತಾನೆ.