ಪೇಡೆ ಡಬ್ಬಿಯಲ್ಲಿ ಸಿಕ್ಕ ಬಿರುಕು

ಹುಬ್ಬಳ್ಳಿಯ ನೃಪತುಂಗ ಬೆಟ್ಟ ಇಳಿಯುವಾಗ ರೇಸ್ ಬಿಟ್ಟರೆ ಸಾಕು, ನನ್ನ ಬೈಕಿನ ಸೈಲೆನ್ಸರ್ ಪಟ್ ಪಟ್ ಅಂತ ಹೊಡೆಯುತ್ತಿತ್ತು. ವಾಕಿಂಗ್ ಬಂದವರೆಲ್ಲ ತಿರುಗಿ ನೋಡುತ್ತಿದ್ದರು. ಸಿಗ್ನಲ್‌ನಲ್ಲಿ ನಿಂತರೆ ಇಂಜಿನ್ ಒಮ್ಮೆ ಏರುತ್ತಿತ್ತು, ಒಮ್ಮೆ ಬಂದ್ ಬೀಳುತ್ತಿತ್ತು. 2011ರ ಗಾಡಿ. 150 ಸಿಸಿ, ಕಾರ್ಬೋರೇಟರ್ ಇರುವ ಬಿಎಸ್-3, ಅಂದರೆ ಆಗಿನ ಹೊಗೆ ನಿಯಮದ್ದು.

“ಸರ, ಆ ಏರ್ ಪೈಪ್ ಕಿತ್ತು ಒಗದು ಬಂದ್ ಮಾಡಿಬಿಡ್ರಿ. ಎಲ್ಲಾ ಗಾಡಿಗೂ ನಾವು ಹಂಗ ಮಾಡ್ತೀವ್ರಿ,” ಅಂದ ಗ್ಯಾರೇಜ್ ಹುಡುಗ. ನಾನೇ ಮಾಡಿದರಾಯ್ತು ಅಂತ ಭಾನುವಾರ ಅಂಗಳದಲ್ಲಿ ಪಾನಾ ಹರವಿಕೊಂಡು ಕೂತೆ.

ಆ ಏರ್ ಪೈಪ್ ಮಾಡುವ ಕೆಲಸ ಇಷ್ಟು. ಇಂಜಿನ್‌ನಲ್ಲಿ ಪೂರ್ತಿ ಉರಿಯದ ಪೆಟ್ರೋಲ್ ಸ್ವಲ್ಪ ಹೊಗೆಯ ಜೊತೆ ಹೊರಗೆ ಬರುತ್ತದೆ. ಏರ್ ಫಿಲ್ಟರ್ ಡಬ್ಬಿಯಿಂದ ಒಂದು ದಪ್ಪ ಪೈಪು ಒಳ್ಳೆ ಗಾಳಿಯನ್ನು ಇಂಜಿನ್ ತಲೆಯಲ್ಲಿ, ಅಂದರೆ ಹೆಡ್ಡಿನಲ್ಲಿ, ಹೊಗೆ ಹೊರಬೀಳುವ ತೂತಿನ ಹತ್ತಿರ ತಂದು ಬಿಡುತ್ತದೆ. ಅಲ್ಲಿನ ಬಿಸಿಗೆ ಉಳಿದ ಪೆಟ್ರೋಲ್ ಉರಿದುಹೋಗುತ್ತದೆ. ಹೊಗೆ ವಾಪಸ್ ನುಗ್ಗದಂತೆ ನಡುವೆ ಒಂದೇ ಕಡೆ ತೆರೆಯುವ ತೆಳ್ಳನೆ ತಗಡಿನ ರೀಡ್ ವಾಲ್ವ್. ಇನ್ನೊಂದು ತೆಳ್ಳನೆ ಪೈಪು ಇಂಜಿನ್ ಗಾಳಿ ಎಳೆದುಕೊಳ್ಳುವ ಕಡೆಯಿಂದ, ಅಂದರೆ ಮ್ಯಾನಿಫೋಲ್ಡ್‌ನಿಂದ ಬರುತ್ತದೆ. ರೇಸ್ ಬಿಟ್ಟಾಗ ಅಲ್ಲಿ ಸೆಳೆತ ಜೋರಾಗುತ್ತದೆ. ಆ ಸೆಳೆತವೇ ಗಾಳಿಯನ್ನು ತಡೆಯುವ ವಾಲ್ವನ್ನು ಮುಚ್ಚಬೇಕು. ಮುಚ್ಚದಿದ್ದರೆ ಸೈಲೆನ್ಸರ್ ಒಳಗೇ ಪಟಾಕಿ.

ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ. ಸುಮ್ನೆ ಬಿಚ್ಚಿದೆ.

ಇಂಜಿನ್ ಪೂರ್ತಿ ತಣ್ಣಗಾಗುವವರೆಗೆ ಕಾದೆ. ಪ್ರತಿ ಪೈಪು ತೆಗೆಯುವ ಮುಂಚೆ ಮೊಬೈಲ್‌ನಲ್ಲಿ ಫೋಟೋ. ಹೆಡ್ಡಿಗೆ ಕೂತ ಉಕ್ಕಿನ ಕೊಳವೆಯ ಎರಡು ಬೋಲ್ಟು ಹತ್ತು ವರ್ಷದ ಧೂಳು, ಎಣ್ಣೆ ತಿಂದು ಕಚ್ಚಿಕೊಂಡಿದ್ದವು. ಹೆಡ್ಡು ಅಲ್ಯೂಮಿನಿಯಂ, ಜೋರು ಮಾಡಿದರೆ ತೂತಿನೊಳಗಿನ ಚೂಡಿಯೇ ಎದ್ದು ಬರುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಅರ್ಧ ಗಂಟೆ ಬಿಟ್ಟೆ. ಆಮೇಲೆ ಸ್ವಲ್ಪ ಬಿಗಿ ಮಾಡುವುದು, ಸ್ವಲ್ಪ ಸಡಿಲ ಮಾಡುವುದು, ಹೀಗೇ ಬಿಚ್ಚಿದೆ. ತೂತು ಮುಚ್ಚಲು ಗೋಕುಲ ರಸ್ತೆಯ ಲೇತ್ ಅಂಗಡಿಯಿಂದ ತಂದ 3 ಎಂಎಂ ಅಲ್ಯೂಮಿನಿಯಂ ಪ್ಲೇಟು ಇತ್ತು. ಜೋಡಣೆ ಸೋರದಂತೆ ನಡುವೆ ಕೂರುವ ಹಳೆ ಪ್ಯಾಕಿಂಗ್ ಮೇಲಿಟ್ಟು ಗೆರೆ ಎಳೆದು ಕೊರೆದೆ, ಅರದಿಂದ ಉಜ್ಜಿದೆ. ಹೊಸ ಪ್ಯಾಕಿಂಗ್ ಹಾಕಿ ಎರಡೂ ಬೋಲ್ಟನ್ನು ಒಂದಾದ ಮೇಲೊಂದು, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ. ಫಿಲ್ಟರ್ ಡಬ್ಬಿಯ ತೂತಿಗೂ ಮ್ಯಾನಿಫೋಲ್ಡ್ ನಳಿಗೆಗೂ ರಬ್ಬರ್ ಟೋಪಿ. ತೆಗೆದ ಸಾಮಾನೆಲ್ಲ ಖಾಲಿ ಧಾರವಾಡ ಪೇಡೆ ಡಬ್ಬಿಗೆ ಹೋಯಿತು.

ಪಟ್ ಪಟ್ ನಿಂತೇ ಹೋಯಿತು. ಸಿಗ್ನಲ್‌ನಲ್ಲೂ ಇಂಜಿನ್ ನೆಟ್ಟಗೆ ನಿಂತಿತು. ಹುಡುಗ ಹೇಳಿದ್ದು ಖರೆ ಅಂದುಕೊಂಡೆ.

ತಕರಾರು ಬಂದದ್ದು ಅವ್ವನಿಂದ. “ಗಾಡಿ ಚಾಲೂ ಮಾಡಿದ ಕೂಡ್ಲೆ ಅಂಗಳ ತುಂಬ ವಾಸನಿ. ಮೊದ್ಲ ಹಿಂಗ ಬರ್ತಿದ್ದಿಲ್ಲ ನೋಡು.” ಎಮಿಷನ್ ಟೆಸ್ಟ್ ಮಾಡಿಸಿದೆ, ಪಾಸ್ ಆಯಿತು. 2000ನೇ ಇಸವಿಯ ನಂತರದ ಫೋರ್ ಸ್ಟ್ರೋಕ್ ಹಳೆ ಗಾಡಿಗೆ ಕಾರ್ಬನ್ ಮಾನಾಕ್ಸೈಡ್ 3.5 ಶೇಕಡಾ, ಹೈಡ್ರೋಕಾರ್ಬನ್ (ಉರಿಯದೆ ಉಳಿದ ಪೆಟ್ರೋಲ್) 4,500 ಪಿಪಿಎಂ ತನಕ ಬಿಡುತ್ತಾರೆ. ಆ ಗೆರೆ ಸಡಿಲ. ಆದರೆ ಹಿಂದಿನ ಚೀಟಿ ಪಕ್ಕದಲ್ಲಿಟ್ಟು ನೋಡಿದರೆ ಎರಡೂ ಅಂಕಿ ಏರಿದ್ದವು. ಅವ್ವನ ಮೂಗು ಸುಳ್ಳು ಹೇಳಿರಲಿಲ್ಲ.

ಡಬ್ಬಿ ಮತ್ತೆ ತೆಗೆದೆ. ತೆಳ್ಳನೆ ಪೈಪನ್ನು ಸುಮ್ನೆ ಬಗ್ಗಿಸಿದೆ. ನಳಿಗೆಗೆ ಕೂರುವ ತುದಿಯಲ್ಲಿ ಉದ್ದಕ್ಕೂ ಬಿರುಕು ಬಾಯಿ ಬಿಟ್ಟಿತು. ಗಾಡಿಯಲ್ಲಿದ್ದಾಗ ಅದು ಕಾಣುವಂತಿರಲಿಲ್ಲ.

ಅಲ್ಲಿಗೆ ಲೆಕ್ಕ ಸರಿ ಹೋಯಿತು. ಬಿರುಕಿನಿಂದ ಸೆಳೆತ ಸೋರಿ ವಾಲ್ವು ಮುಚ್ಚುತ್ತಿರಲಿಲ್ಲ, ಅದಕ್ಕೇ ಪಟ್ ಪಟ್. ಅದೇ ಬಿರುಕಿನಿಂದ ಇಂಜಿನ್ನಿಗೆ ಬೇಡದ ಗಾಳಿ ನುಗ್ಗುತ್ತಿತ್ತು, ಅದಕ್ಕೇ ಸಿಗ್ನಲ್‌ನಲ್ಲಿ ಇಂಜಿನ್ ಕುಣಿತ. ಎಲ್ಲ ಕಿತ್ತು ನಳಿಗೆಗೆ ಟೋಪಿ ಹಾಕಿದಾಗ ಸೋರಿಕೆಯೂ ಮುಚ್ಚಿಹೋಯಿತು. ಗುಣ ಮಾಡಿದ್ದು ಮೂವತ್ತು ಪೈಸೆಯ ಟೋಪಿ, ಹೆಸರು ಬಂದದ್ದು ನನ್ನ ಪ್ಲೇಟಿಗೆ!

ವಾಪಸ್ ಹಾಕುವ ಮುಂಚೆ ಪರೀಕ್ಷೆ ಮಾಡಿದೆ. ಫಿಲ್ಟರ್ ಕಡೆಯಿಂದ ಊದಿದರೆ ಗಾಳಿ ದಾಟಬೇಕು, ಹೀರಿದರೆ ಬರಬಾರದು. ರೀಡ್ ಸರಿ ಇತ್ತು. ತೆಳ್ಳನೆ ನಳಿಗೆಯನ್ನು ಬಾಯಿಂದ ಹೀರಿ ಹಿಡಿದರೆ ಗಾಳಿದಾರಿ ಬಂದ್ ಆಗಬೇಕು, ಅದೂ ಆಯಿತು. (ಒರೆಸಿಕೊಂಡು ಬಾಯಿಗಿಡಿ, ನಾನು ಇಟ್ಟ ಹಾಗಲ್ಲ.) ದಪ್ಪ ಪೈಪು ರೀಡ್ ಹತ್ತಿರ ಸುಟ್ಟು ಗಟ್ಟಿಯಾಗಿದ್ದರೆ ಹೊಗೆ ಹಿಂದಕ್ಕೆ ಬರುತ್ತಿದೆ ಅಂತ ಅರ್ಥ. ನನ್ನದು ಮೆತ್ತಗಿತ್ತು. ಮಸಿಯನ್ನು ಪೆಟ್ರೋಲ್‌ನಲ್ಲಿ ತೊಳೆದೆ, ರೀಡಿನ ತಗಡಿಗೆ ಮಾತ್ರ ಕಡ್ಡಿ ತಾಗಿಸಲಿಲ್ಲ.

ಹೊಸ ಪೈಪಿಗೆ ಮೊದಲು ಮೀನಿನ ತೊಟ್ಟಿಯ ಪಾರದರ್ಶಕ ಪೈಪು ಹಾಕಿ ನೋಡಿದೆ. ಇಂಜಿನ್ ಬಿಸಿಗೆ ಮೆತ್ತಗಾಗಿ ಸೆಳೆತಕ್ಕೆ ಚಪ್ಪಟೆಯಾಯಿತು. ದಪ್ಪ ಗೋಡೆಯ ಪೆಟ್ರೋಲ್ ಪೈಪೇ ಬೇಕು. ಅದನ್ನು ಹಾಕಿದ ಮೇಲೆ ಬೆಟ್ಟದ ಇಳಿಜಾರಿನಲ್ಲಿ ಸದ್ದಿಲ್ಲ, ಅಂಗಳದಲ್ಲಿ ವಾಸನೆಯೂ ಇಲ್ಲ.

ಕಿತ್ತು ಹಾಗೇ ಓಡಿಸುವುದು ಕಾನೂನಿಗೂ ಒಗ್ಗುವುದಿಲ್ಲ. ಕಂಪನಿ ಕೊಟ್ಟ ರೂಪ ಬದಲಿಸಬೇಡಿ ಅಂತ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. 2020ರ ಏಪ್ರಿಲ್ ನಂತರದ ಬಹುತೇಕ ಬಿಎಸ್-6 ಗಾಡಿಯಲ್ಲಿ ಹೊಗೆಯೊಳಗಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಬೇರೆ ಇರುತ್ತದೆ. ಅಲ್ಲಿ ನಾನಂತೂ ಕೈ ಹಾಕುವುದಿಲ್ಲ.

ಪ್ಲೇಟನ್ನು ಎಸೆಯಲಿಲ್ಲ. ಹೋದ ತಿಂಗಳು ಪಕ್ಕದ ಮನೆ ಹುಡುಗ ಇದೇ ಸದ್ದು ಅಂತ ಗಾಡಿ ತಂದ. ನಂದೇ ಮಾಡೆಲ್. ಹತ್ತು ನಿಮಿಷದ ಮಟ್ಟಿಗೆ ಪ್ಲೇಟು, ಟೋಪಿ ಹಾಕಿ ಓಡಿಸಿ ನೋಡಿದೆವು. ಸದ್ದು ಹೋಗಲಿಲ್ಲ, ಅಂದರೆ ತಪ್ಪು ಏರ್ ಪೈಪಿನದಲ್ಲ. ಸೈಲೆನ್ಸರ್ ಬೆಂಡು ಹೆಡ್ಡಿಗೆ ಸೇರುವ ಕಡೆ ಪ್ಯಾಕಿಂಗ್ ಹೋಗಿತ್ತು.