ಸ್ತನದ ಗಡ್ಡೆಯಲ್ಲಿ ಅಪರೂಪದ ಕೋಶ ಕಂಡಾಗ: ನನ್ನ ಅನುಭವ

ಮಂಜೇಶ್ವರ, ಬದಿಯಡ್ಕ, ಮುಳ್ಳೇರಿಯ ಕಡೆಯಿಂದ ಕಾಸರಗೋಡಿಗೆ ಬರುವ ಸ್ತನದ ಗಡ್ಡೆಗಳಲ್ಲಿ ಕ್ಯಾನ್ಸರ್ ಇದ್ದರೆ ಹೆಚ್ಚಿನವು ಮಾಮೂಲಿ ಡಕ್ಟಲ್ (ಹಾಲಿನ ನಾಳದ) ಬಗೆಯವು. ಗಡ್ಡೆಗಳನ್ನು ಮೈಕ್ರೋಸ್ಕೋಪಿನಲ್ಲಿ ಪರೀಕ್ಷಿಸುವ ನನಗೆ ಯಾವಾಗಲೋ ಒಮ್ಮೆ ಬೇರೆ ರೂಪದ ಕೋಶ ಕಾಣುತ್ತದೆ. ಆಗ ಮೊದಲು ಫಾರ್ಮಲಿನ್ (ಗಡ್ಡೆ ಕೆಡದಂತೆ ಕಾಯುವ ದ್ರವ) ಡಬ್ಬಿಯ ಚೀಟಿ ನೋಡುತ್ತೇನೆ. ಗಡ್ಡೆ ತೆಗೆದ ಹೊತ್ತು, ಫಾರ್ಮಲಿನ್‌ಗೆ ಹಾಕಿದ ಹೊತ್ತು ಎರಡೂ ಅದರಲ್ಲಿರಬೇಕು. ನಡುವೆ 1 ಗಂಟೆ ದಾಟಬಾರದು. 10% ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್, ಗಡ್ಡೆಯ 10 ಪಟ್ಟು. ಅದರಲ್ಲಿ ಕನಿಷ್ಠ 6 ಗಂಟೆ, ಹೆಚ್ಚೆಂದರೆ 72 ಗಂಟೆ. ಶುಕ್ರವಾರ ಬೆಳಿಗ್ಗೆ ತೆಗೆದದ್ದನ್ನು ಸೋಮವಾರ ಮಧ್ಯಾಹ್ನ ಮುಟ್ಟಿದರೆ ಲೆಕ್ಕ ತಪ್ಪಿತು.

ಇಡೀ ಸ್ತನವನ್ನು ಕೊಯ್ಯದೆ ಮುಳುಗಿಸಿಟ್ಟರೆ ಕೊಬ್ಬಿನ ಒಳಕ್ಕೆ ಫಾರ್ಮಲಿನ್ ಬೇಗ ಇಳಿಯುವುದಿಲ್ಲ. ನಡುಭಾಗದ ಕೋಶಗಳು ಕೆಟ್ಟು ಗುಳ್ಳೆಯಾಗುತ್ತವೆ, ಆ ಗುಳ್ಳೆಯೇ ಸಿಗ್ನೆಟ್ ರಿಂಗ್ (ಮುದ್ರೆಯುಂಗುರದಂಥ) ಕೋಶವೆಂದು ಮೋಸ ಮಾಡುತ್ತದೆ. ಅಂಚಿಗೆ ಶಾಯಿ ಹಚ್ಚಿ, 5ರಿಂದ 10 ಮಿಲಿಮೀಟರ್ ದಪ್ಪಕ್ಕೆ ಸೀಳಿ, ಸೀಳುಗಳ ನಡುವೆ ಟಿಶ್ಯೂ ಕಾಗದ ಇಡುವುದು ನನ್ನ ಕ್ರಮ.

ನಿಜವಾದ ಸಿಗ್ನೆಟ್ ರಿಂಗ್ ಕೋಶದಲ್ಲಿ ಮ್ಯೂಸಿನ್ ಎಂಬ ಲೋಳೆ ತುಂಬಿ ನ್ಯೂಕ್ಲಿಯಸ್ ಒಂದು ಬದಿಗೆ ಚಂದ್ರಕಲೆಯಂತೆ ಒತ್ತಿಕೊಂಡಿರುತ್ತದೆ. ಮ್ಯೂಸಿಕಾರ್ಮಿನ್ ಬಣ್ಣ ಹಾಕಿದರೆ ಗುಲಾಬಿ ಹಿಡಿಯುತ್ತದೆ. ಬರೀ ಗುಳ್ಳೆಯಾದರೆ ಹಿಡಿಯುವುದಿಲ್ಲ. ಸ್ತನದಲ್ಲಿ ಇದು ಹೆಚ್ಚಾಗಿ ಲೋಬ್ಯುಲರ್ (ಹಾಲಿನ ಗ್ರಂಥಿಯ ಗೊಂಚಲಿನ) ಕ್ಯಾನ್ಸರಿನದು. ಆದರೆ ಜಠರದಿಂದಲೂ ಬಂದಿರಬಹುದು, ಹಾಗಿದ್ದರೆ ಚಿಕಿತ್ಸೆಯ ದಾರಿಯೇ ಬೇರೆ. ಇಲ್ಲಿ ಲೋಬ್ಯುಲರ್‌ನಲ್ಲಿ ಮಾಯವಾಗುವ ಇ-ಕ್ಯಾಡ್ಹೆರಿನ್ (ಕೋಶಗಳನ್ನು ಅಂಟಿಸಿಡುವ ಪ್ರೋಟೀನ್) ನಂಬಿ ಕೂರಬೇಡಿ: ಜಠರದ ಚದುರಿ ಹಬ್ಬುವ ಕ್ಯಾನ್ಸರಿನಲ್ಲೂ ಅದು ಮಾಯವಾಗುತ್ತದೆ. ನಾನು ಸ್ತನದ ಕಡೆ ಬೆರಳು ತೋರುವ ಗಾಟಾ3, ಇಆರ್ (ಈಸ್ಟ್ರೋಜನ್ ರಿಸೆಪ್ಟರ್), ಜಠರ-ಕರುಳಿನ ಕಡೆ ತೋರುವ ಸಿಕೆ20, ಸಿಡಿಎಕ್ಸ್2 ಎಂಬ ಬಣ್ಣದ ಪರೀಕ್ಷೆ ನಾಲ್ಕನ್ನೂ ಒಟ್ಟಿಗೆ ಕೇಳುತ್ತೇನೆ, ಪಕ್ಕದಲ್ಲಿ ಲೋಬ್ಯೂಲಿನೊಳಗೇ ಉಳಿದ ಕ್ಯಾನ್ಸರ್ ಇದೆಯೇ ಎಂದು ಹುಡುಕುತ್ತೇನೆ. ಅದು ಸಿಕ್ಕರೆ ಹುಟ್ಟು ಸ್ತನದಲ್ಲೇ ಎನ್ನಲು ದೊಡ್ಡ ಆಧಾರ. ಇದರ ತಿರುಗುಮುರುಗೂ ಇದೆ: ಹಿಂದೆ ಲೋಬ್ಯುಲರ್ ಕ್ಯಾನ್ಸರ್ ಆಗಿದ್ದ ಹೆಂಗಸಿನ ಜಠರದ ಬಯಾಪ್ಸಿಯಲ್ಲಿ ಈ ಕೋಶ ಕಂಡರೆ ಇಆರ್ ನೋಡದೆ ವರದಿ ಕೊಡಬಾರದು.

ಮೂಳೆ ಕರಗಿಸುವ ಆಸ್ಟಿಯೋಕ್ಲಾಸ್ಟ್ ಕೋಶದಂಥ ದೈತ್ಯಕೋಶಗಳು ನೋಡಲು ಭಯ ಹುಟ್ಟಿಸುತ್ತವೆ, ಗಡ್ಡೆ ಕೊಯ್ದಾಗಲೂ ಕಂದುಬಣ್ಣ. ಅವು ಸಿಡಿ68 ಬಣ್ಣ ಹಿಡಿಯುವ ರಕ್ಷಕ ಕೋಶಗಳು, ಕ್ಯಾನ್ಸರ್ ಕೋಶಗಳಲ್ಲ. ಚಿಕಿತ್ಸೆ ಪಕ್ಕದ ಕ್ಯಾನ್ಸರಿನ ಗ್ರೇಡ್ (ಉಗ್ರತೆಯ ಮಟ್ಟ) ಮತ್ತು ರಿಸೆಪ್ಟರ್ ನೋಡಿಯೇ.

ಕದಿರಿನಾಕಾರದ ಕೋಶಗಳದ್ದು ಹಾಗಲ್ಲ. ಸೂಜಿ ಬಯಾಪ್ಸಿಯಲ್ಲಿ ಅವು ಮೆತ್ತಗೆ ಕಂಡರೂ ಮೆಟಾಪ್ಲಾಸ್ಟಿಕ್ (ಕೋಶ ತನ್ನ ಬಗೆಯನ್ನೇ ಬದಲಿಸಿದ) ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಒಂದು ಕೆರಟಿನ್ (ಹೊದಿಕೆ ಕೋಶಗಳ ಪ್ರೋಟೀನ್) ಪರೀಕ್ಷೆ ನೆಗೆಟಿವ್ ಬಂದರೆ ಸಾಲದು; ಎಇ1/ಎಇ3, ಸಿಕೆ5/6, ಪಿ63 ಪರೀಕ್ಷೆಗಳೂ ಜೊತೆಗಿರಲಿ. ಕೆಲವು ಕೋಶಗಳಲ್ಲಷ್ಟೇ ಹಿಡಿದರೂ ಅದಕ್ಕೆ ಬೆಲೆಯಿದೆ.

ನನಗೆ ಅತ್ಯಂತ ಮುಖ್ಯವೆನಿಸುವುದು ಟ್ರಿಪಲ್ ನೆಗೆಟಿವ್ (ಈಸ್ಟ್ರೋಜನ್, ಪ್ರೊಜೆಸ್ಟರಾನ್, ಹರ್2 ಮೂರೂ ರಿಸೆಪ್ಟರ್ ನೆಗೆಟಿವ್) ಗುಂಪಿನೊಳಗಿನ ಸೌಮ್ಯ ಕ್ಯಾನ್ಸರ್‌ಗಳು. ಸೆಕ್ರೆಟರಿ (ಸ್ರವಿಸುವ) ಕ್ಯಾನ್ಸರಿನಲ್ಲಿ ಕೋಶದ ಒಳಗೂ ಹೊರಗೂ ಗುಲಾಬಿ ಸ್ರಾವ, ಎಸ್100 ಪಾಸಿಟಿವ್, ಇಟಿವಿ6-ಎನ್‌ಟಿಆರ್‌ಕೆ3 ಜೀನ್ ಜೋಡಣೆ. ಅಡೆನಾಯ್ಡ್ ಸಿಸ್ಟಿಕ್ ಕ್ಯಾನ್ಸರಿನಲ್ಲಿ ಜರಡಿಯಂಥ ತೂತುಗಳು, ಸಿಡಿ117 ಪಾಸಿಟಿವ್. ಇವು ಸಾಮಾನ್ಯವಾಗಿ ನಿಧಾನ ಬೆಳೆಯುವಂಥವು. ವರದಿಯಲ್ಲಿ ಬರೀ ‘ಟ್ರಿಪಲ್ ನೆಗೆಟಿವ್’ ಎಂದು ಬರೆದು ಬಿಟ್ಟರೆ ಆ ತಾಯಿಗೆ ಬೇಡದ ಕಿಮೋ ಬೀಳಬಹುದು. ಹಾಗಾಗಿ ಬಗೆಯ ಹೆಸರು ಮೊದಲ ಸಾಲಿನಲ್ಲೇ ಇರುತ್ತದೆ. ಅಡೆನಾಯ್ಡ್ ಸಿಸ್ಟಿಕ್‌ನಲ್ಲಿ ತೂತಿಲ್ಲದ ಗಟ್ಟಿ ಬೇಸಲಾಯ್ಡ್ ರೂಪವಿದ್ದರೆ ಅದನ್ನೂ ಹೇಳುತ್ತೇನೆ, ಅದು ಅಷ್ಟು ಸೌಮ್ಯವಲ್ಲ.

ನೆಗೆಟಿವ್ ಎನ್ನುವ ಮೊದಲು ಅದೇ ಸ್ಲೈಡಿನ ಆರೋಗ್ಯವಂತ ನಾಳಗಳಲ್ಲಿ ಇಆರ್ ಹಿಡಿದಿದೆಯೇ ನೋಡಿ. ಅಲ್ಲೂ ಹಿಡಿಯದಿದ್ದರೆ ಪರೀಕ್ಷೆಯೇ ಕೆಟ್ಟಿದೆ; ಬೇರೆ ಬ್ಲಾಕಿನಲ್ಲಿ (ಮೇಣದಲ್ಲಿ ಹುದುಗಿಸಿದ ಗಡ್ಡೆಯ ತುಣುಕು) ಮತ್ತೆ ಮಾಡಿಸಬೇಕು. 1% ಕ್ಯಾನ್ಸರ್ ಕೋಶ ಹಿಡಿದರೂ ಅದು ಪಾಸಿಟಿವ್. 1ರಿಂದ 10% ಇದ್ದರೆ ‘ಲೋ ಪಾಸಿಟಿವ್’ ಎಂದೇ ಬರೆಯಬೇಕು. ಮಂಗಳೂರಿಗೆ ಕಳಿಸುವುದಿದ್ದರೆ ಬ್ಲಾಕನ್ನೇ ಕಳಿಸುತ್ತೇನೆ, ಕೊಯ್ದಿಟ್ಟ ಸ್ಲೈಡುಗಳಲ್ಲಿ ದಿನ ಕಳೆದಂತೆ ಆಂಟಿಜನ್ (ಪರೀಕ್ಷೆಯ ಬಣ್ಣ ಹಿಡಿಯುವ ಪ್ರೋಟೀನ್) ಮಂಕಾಗುತ್ತದೆ. ಅಪರೂಪದ ಕೋಶವೂ ನಾಳವೂ ಒಟ್ಟಿಗಿರುವ ಬ್ಲಾಕನ್ನು ಆರಿಸಿ, ಇನ್ನೊಂದನ್ನು ಇಲ್ಲೇ ಉಳಿಸಿಕೊಳ್ಳುತ್ತೇನೆ.