ಇಂಗ್ಲೆಂಡಿನ ಬಡಗಿಯೊಬ್ಬನ ಅಪ್ಪ-ಅಮ್ಮನನ್ನು ಗುರುತಿಸಿದ ಬಗೆ

ಹಳೆಯ ದಾಖಲೆಗಳಲ್ಲಿ ಹೆಸರು ಸಿಗುವುದು ಕಷ್ಟವಲ್ಲ, ಅದು ನಮ್ಮವನದೇ ಎಂದು ಖಚಿತವಾಗುವುದು ಕಷ್ಟ. ಒಂದೇ ಪ್ಯಾರಿಷ್‌ನಲ್ಲಿ, ಅಂದರೆ ಒಂದು ಚರ್ಚಿನ ವ್ಯಾಪ್ತಿಯಲ್ಲಿ, ಒಂದೇ ಹೆಸರಿನ ಇಬ್ಬರು ಹುಡುಗರು ಇರುವುದು ತೀರಾ ಮಾಮೂಲು.

ನಾನು ಶುರು ಮಾಡಿದ್ದು 1851ರ ಜನಗಣತಿಯಿಂದ. 1841ರದರಲ್ಲಿ 15 ದಾಟಿದವರ ವಯಸ್ಸನ್ನು ಸಾಮಾನ್ಯವಾಗಿ ಐದೈದರ ಲೆಕ್ಕಕ್ಕೆ ಇಳಿಸಿದ್ದಾರೆ: 29 ಆದವನು 25 ಆಗಿಬಿಡುತ್ತಾನೆ. ಮನೆಯ ಯಜಮಾನನಿಗೆ ಯಾರು ಏನಾಗಬೇಕು ಎಂಬುದೂ ಅದರಲ್ಲಿಲ್ಲ. 1851ರಲ್ಲಿ ವಯಸ್ಸು, ಸಂಬಂಧ, ಹುಟ್ಟಿದ ಪ್ಯಾರಿಷ್ ಮೂರೂ ಇವೆ. ಗಣತಿಯ ರಾತ್ರಿ ಮಾರ್ಚ್ 30. ಹಾಗಾಗಿ 36 ಎಂದು ಬರೆಸಿದ ಬಡಗಿ ಹುಟ್ಟಿದ್ದು 1814ರ ಮಾರ್ಚ್ 31ರಿಂದ 1815ರ ಮಾರ್ಚ್ 30ರೊಳಗೆ. ಇದನ್ನೂ ಪೂರ್ತಿ ನಂಬುವಂತಿಲ್ಲ. 1861, 1871ರ ನಮೂದುಗಳನ್ನು ಪಕ್ಕದಲ್ಲಿಟ್ಟು ನೋಡಬೇಕು. ಹತ್ತು ವರ್ಷಕ್ಕೆ ಎಂಟೇ ವರ್ಷ ದೊಡ್ಡವರಾದವರು ಬೇಕಾದಷ್ಟು ಸಿಗುತ್ತಾರೆ.

ಮುಂದಿನದು ಅವನ ಮದುವೆಯ ಪ್ರಮಾಣಪತ್ರ. 1837ರ ಜುಲೈ 1ರ ನಂತರದ ಮದುವೆಯಾದ್ದರಿಂದ ಅದರಲ್ಲಿ ತಂದೆಯ ಹೆಸರು, ಕಸುಬು ಇದ್ದವು: ಅವನೂ ಬಡಗಿ. ತಾಯಿಯ ಹೆಸರಿಗೆ ಅಲ್ಲಿ ಜಾಗವೇ ಇಲ್ಲ. ತಂದೆಯ ಕಾಲಂ ಖಾಲಿಯಿದ್ದರೆ ಮದುವೆಯಾಗದ ತಾಯಿಯ ಮಗನಿರಬಹುದು. ಅಂಥವರು ಮಾನಕ್ಕಂಜಿ ಅಜ್ಜನ ಹೆಸರನ್ನೇ ಅಪ್ಪನದೆಂದು ಬರೆಸಿದ್ದೂ ಉಂಟು.

ಚರ್ಚಿನ ದೀಕ್ಷಾಸ್ನಾನದ (ಬ್ಯಾಪ್ಟಿಸಂ) ರಿಜಿಸ್ಟರ್ 1813ರಿಂದ ಅಚ್ಚಿನ ನಮೂನೆಯಲ್ಲಿದೆ. ತಂದೆ-ತಾಯಿಯ ಹೆಸರು, ವಾಸ, ತಂದೆಯ ಕಸುಬು ಸಿಗುತ್ತವೆ. ನನಗೆ ಅದೇ ಹೆಸರಿನ ಇಬ್ಬರು ಸಿಕ್ಕರು: 1814ರಲ್ಲಿ ಬಡಗಿಯ ಮಗ, 1816ರಲ್ಲಿ ಕೂಲಿಯವನ ಮಗ. 1816 ತಡವಾಯಿತು ಎಂದು ಬಿಡುವಂತಿಲ್ಲ, ಎರಡು-ಮೂರು ಮಕ್ಕಳಿಗೆ ಒಟ್ಟಿಗೇ ದೀಕ್ಷಾಸ್ನಾನ ಮಾಡಿಸುತ್ತಿದ್ದರು. ಕಸುಬು ಹೊಂದಿತು ಎಂದು ಅಲ್ಲಿಗೇ ನಿಲ್ಲಿಸಿದರೆ ಅದು ಊಹೆ. ಎರಡನೆಯವನು ಏನಾದ ಎಂಬುದು ಗೊತ್ತಾಗಲೇಬೇಕು. ಮೊದಲು ಸಮಾಧಿ ರಿಜಿಸ್ಟರ್ ನೋಡಿದೆ. 1813ರಿಂದ ಅದರಲ್ಲಿ ವಯಸ್ಸೂ ವಾಸವೂ ಇರುವುದರಿಂದ ಸತ್ತ ಮಗುವನ್ನು ಗುರುತಿಸಬಹುದು. ಅಲ್ಲಿ ಅವನಿರಲಿಲ್ಲ. 1851ರ ಗಣತಿಯಲ್ಲಿ ಪಕ್ಕದ ಪ್ಯಾರಿಷ್‌ನಲ್ಲಿ ಹೆಂಡತಿ ಮಕ್ಕಳೊಡನೆ ಸಿಕ್ಕ, ಅದೇ ಜನ್ಮಸ್ಥಳದ ಜೊತೆಗೆ. ಆಗಲೇ ಅವನ ಹೆಸರನ್ನು ಹೊಡೆದುಹಾಕಿದ್ದು.

ರಿಜಿಸ್ಟರಿನ ಪುಟ ಹುಳು ತಿಂದಿದ್ದರೆ, ಶಾಯಿ ಮಾಸಿದ್ದರೆ, ಬಿಷಪ್‌ಗೆ ವರ್ಷವರ್ಷ ಕಳುಹಿಸುತ್ತಿದ್ದ ನಕಲು ಪ್ರತಿ ನೋಡಬೇಕು. ಇಂಡೆಕ್ಸ್ ದಾರಿ ತೋರಿಸುತ್ತದೆ ಅಷ್ಟೆ, ಓದಬೇಕಾದದ್ದು ಮೂಲ ಪುಟದ ಚಿತ್ರವನ್ನು.

ತಾಯಿಯ ತವರಿನ ಹೆಸರು ಬೇಕೆಂದರೆ ಅಪ್ಪ-ಅಮ್ಮನ ಮದುವೆ ಹುಡುಕಬೇಕು. ಮೊದಲ ಮಗುವಿನ ದೀಕ್ಷಾಸ್ನಾನದಿಂದ ಹಿಂದಕ್ಕೆ ಹೋಗುತ್ತ ಸುತ್ತಲಿನ ಪ್ಯಾರಿಷ್‌ಗಳನ್ನೂ ನೋಡಿ, ಮದುವೆ ಹೆಚ್ಚಾಗಿ ಹೆಣ್ಣಿನ ಊರಲ್ಲೇ ಆಗುತ್ತಿತ್ತು. 1754ರಿಂದ ಸಾಕ್ಷಿಗಳ ಸಹಿಯಿರುತ್ತದೆ. ಸಾಕ್ಷಿಯನ್ನು ನೆಂಟನೆಂದುಕೊಳ್ಳುವ ಮೊದಲು ಹಿಂದಿನ ಮುಂದಿನ ಪುಟ ತಿರುವಿ: ಅದೇ ಸಹಿ ಪ್ರತಿ ಮದುವೆಯಲ್ಲೂ ಇದ್ದರೆ ಅವನು ಚರ್ಚಿನ ಗುಮಾಸ್ತ.